ಅರ್ಧ ಇಂಚಿನ ಪ್ಯಾಚ್

ಎಲ್ಲರೂ ಕುಡಿದಿಟ್ಟ ಲೋಟಗಳನ್ನು ಟೈಲರ್ ಹುಡುಗಿ ಸದ್ದಿಲ್ಲದೆ ಒಂದರೊಳಗೊಂದು ಜೋಡಿಸುತ್ತಿದ್ದಾಗ ಮೇಷ್ಟ್ರು, "ಬಾರಮ್ಮಾ, ನಿನ್ನ ಪ್ಯಾಚ್ ಸಾಫ್ಟ್‌ವೇರ್‌ಗೆ ಸೇರ್ಕೊಳ್ತು!" ಎಂದು ಕೂಗಿದರು. ಒಂಬತ್ತು ಜನರ ಕಂಪ್ಯೂಟರ್ ತರಗತಿ ಚಪ್ಪಾಳೆ ತಟ್ಟಿತು. "ತೇಪೆ ಹಾಕೋದು ಅವಳಿಗೇನು ಹೊಸದಾ ಬಿಡಿ," ಎಂದ ಹಿಂದಿನ ಸಾಲಿನ ಪೋಸ್ಟ್‌ಮ್ಯಾನ್. ಎಲ್ಲರೂ ನಕ್ಕರು.

ದರ್ಜಿಗಳಿಗೆಂದು ಯಾರೋ ಬರೆದು, ಯಾರು ಬೇಕಾದರೂ ತಿದ್ದಲಿ ಎಂದು ಬಿಟ್ಟಿದ್ದ ತಂತ್ರಾಂಶ ಅದು. ಅಳತೆಯಲ್ಲಿ ಅರ್ಧ ಇಂಚನ್ನು ನುಂಗಿಹಾಕುತ್ತಿತ್ತು. ಅದನ್ನು ಪತ್ತೆಹಚ್ಚಿದವಳು ಅವಳು, ಅದನ್ನು ತಿದ್ದುವ ಐದು ಸಾಲಿನ ಪ್ಯಾಚ್ ಬರೆದವಳೂ ಅವಳೇ. ಅರ್ಧಕ್ಕೆ ಶಾಲೆ ಬಿಟ್ಟ ತನ್ನ ಹೆಸರು ಒಂದು ಕಡೆಯಾದರೂ ಉಳಿಯಲಿ ಎಂಬ ಆಸೆಗೆ, ತಂತ್ರಾಂಶ ನೋಡಿಕೊಳ್ಳುವವರಿಂದ ಮೂರು ಸಲ 'ಹೀಗಲ್ಲ' ಎಂದು ವಾಪಸ್ ಬಂದರೂ ಹಲ್ಲು ಕಚ್ಚಿಕೊಂಡು ಮತ್ತೆ ಬರೆದಿದ್ದಳು.

ಕೈ ಒರೆಸಿಕೊಂಡು ಪರದೆಯ ಹತ್ತಿರ ಹೋದಳು. ಐದೂ ಸಾಲು ಅವಳವೇ. 'ಬರೆದವರು' ಎಂಬಲ್ಲಿ ಮಾತ್ರ ಮೇಷ್ಟ್ರ ಹೆಸರಿತ್ತು. "ಇನ್ನೊಂದ್ಸಲ ವಾಪಸ್ ಬಂದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ನನ್ನ ಮಷೀನಿಂದಾನೇ ಸರಿಮಾಡಿ ಕಳಿಸ್ಬಿಟ್ಟೆ," ಎಂದರು ಅವರು. "ಯಾರು ಕಳಿಸಿದ್ರೇನು, ಕೆಲಸ ಆಯ್ತಲ್ಲ."

ಒಮ್ಮೆ ಸೇರಿದ್ದರ ಮೇಲಿನ ಹೆಸರನ್ನು ಆಮೇಲೆ ತಿದ್ದುವಂತಿಲ್ಲ ಎಂದು ಮೊದಲ ದಿನವೇ ಕಲಿಸಿದವರೂ ಅವರೇ. ಕೋಣೆಯಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಮೂರು ತಿಂಗಳಿಂದ ಒಂದು ಪ್ರಶ್ನೆಯನ್ನೂ ಕೇಳದ ಹುಡುಗಿ ಪರದೆಯ ಮೇಲೆ ಬೆರಳಿಟ್ಟಳು.

"ಸರ್, ಇಲ್ಲಿ ನನ್ನ ಹೆಸರು ಹಾಕಿ."