ತಟ್ಟೆಯಲ್ಲಿ ಮಲಗಿದ್ದ ತಮ್ಮ

ನಿದ್ದೆಯಿಲ್ಲದೆ ನನ್ನ ಕೂಸಿಗೆ ಹಾಲೂಡಿಸುವಾಗ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ, ಈಗಲೂ ನನ್ನ ಕೈ ಕೂಸಿನ ಮುಖ ಮುಟ್ಟಿ ನೋಡುತ್ತದೆ.

ಅಕ್ಕೂರಿನಲ್ಲಿ ತಮ್ಮ ಹುಟ್ಟಿ ಎರಡು ತಿಂಗಳಾಗಿತ್ತು. ಅಪ್ಪ ಬಿಡದಿಯ ಕಾರ್ಖಾನೆ ಸೇರಿದ್ದರಿಂದ ರೇಷ್ಮೆಹುಳುಗಳ ಕೆಲಸವೆಲ್ಲ ಅವ್ವನದೇ. ಆ ಮಧ್ಯಾಹ್ನ ಹುಳುಗಳು ಮೇವು ಬಿಟ್ಟು, ಪೊರೆ ಕಳಚುವ ಮೊದಲಿನ ನಿದ್ದೆಯಲ್ಲಿದ್ದವು.

"ಹುಳ ಜ್ವರಕ್ಕೆ ಕೂತವೆ, ಸೊಪ್ಪು ಹಾಕಂಗಿಲ್ಲ. ನೀನೂ ಒಸಿ ಮಲಕ್ಕೋ," ಎಂದಳು ಅಜ್ಜಿ.

"ಕಣ್ಮುಚ್ಚಿದ್ರೆ ಕೂಸು ಅತ್ತಂಗಾಯ್ತದೆ ಕಣತ್ತೆ."

ಅಜ್ಜಿ ಹಿತ್ತಲಿಗೆ ಹೋದಳು. ಅವ್ವ ಎದ್ದು, ಹುಳು ಸಾಕುವ ಅಗಲವಾದ ಖಾಲಿ ಬಿದಿರು ತಟ್ಟೆಯಲ್ಲಿ ಮಲಗಿದ್ದ ತಮ್ಮನ ಮೇಲೆ, ನಿದ್ದೆಗೆಟ್ಟ ಮಂಪರಿನಲ್ಲಿ, ಹುಳುಗಳಿಗೆ ಮೇವು ಹಾಕುವಂತೆ ಸೊಪ್ಪು ಹರಡತೊಡಗಿದಳು. ಕಾಲು, ಹೊಟ್ಟೆ, ಕೊನೆಗೆ ಮುಖ ಮುಚ್ಚಿತು. ನಾನು ಕಿರುಚಿದೆ.

ಅಜ್ಜಿ ಓಡಿಬಂದು ಕೂಸನ್ನು ಎತ್ತಿಕೊಂಡಳು. "ಉಸಿರಾಡ್ತಾವ್ನೆ, ಬುಡು," ಎಂದಳು. ಅವ್ವನಿಗೆ ಬೈಯಲಿಲ್ಲ.

ಅವ್ವ ಎರಡೂ ಕೈಗಳನ್ನು ನನ್ನತ್ತ ಚಾಚಿದಳು. "ಗಟ್ಟಿಯಾಗಿ ಹಿಡ್ಕೋ ಮಗ, ಆಗ ಮಲಗ್ತೀನಿ."

ದೀಪ ಹಚ್ಚುವವರೆಗೂ ನಾನು ಬಿಡಲಿಲ್ಲ.