ಅರಗಿನ ಮೇಲೆ ಅವ್ವನ ಮುದ್ರೆ

ಎಲ್ಲಾದರೂ ಅರಗು ಕಾಯಿಸಿದ ವಾಸನೆ ಬಂದರೆ ನನಗೆ ಇವತ್ತಿಗೂ ಶಹಾಬಾದಿನ ಬ್ಯಾಂಕಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ತೀರಿಕೊಂಡ ವರ್ಷ ಅವ್ವ ತನ್ನ ಒಡವೆಗಳನ್ನು ಬ್ಯಾಂಕಿನ ತಿಜೋರಿಯಲ್ಲಿಡಲು ಹೊರಟಳು. ಅಪ್ಪನ ತಮ್ಮ, ನಮ್ಮ ಕಾಕಾ, ತಾನೂ ಬರುತ್ತೇನೆಂದು ಜೊತೆಯಾದ. ಗುಮಾಸ್ತರು ಒಡವೆಯ ಗಂಟನ್ನು ದಪ್ಪ ಬಟ್ಟೆಯಲ್ಲಿಟ್ಟು ಹೊಲಿದು, ಹೊಲಿಗೆಯ ಮೇಲೆ ಕೆಂಪು ಅರಗು ಸುರಿದರು.

"ನಿಮ್ಮ ಮುದ್ರಿ ಒತ್ರಿ ಅವ್ವಾರ. ಬಿಡಿಸ್ಕೊಳ್ಳಾಗ ಇದೇ ಮುದ್ರಿ ತೋರಿಸಬೇಕಾಗ್ತದ."

ಕಾಕಾ ಬೆರಳಿನ ಉಂಗುರ ಬಿಚ್ಚಿದ. "ನನ್ನ ಮುದ್ರಿ ಉಂಗುರ ಅದ ಅಲ್ಲ ವೈನಿ, ಇದನ್ನೇ ಒತ್ತೋಣು."

"ಬ್ಯಾಡ ತಮ್ಮಾ. ನಾಳಿ ನನ್ನ ಬಂಗಾರಕ್ಕ ನಿನ್ನ ಉಂಗುರ ಹುಡುಕ್ಕೋತ ಬರಬೇಕಾಗ್ತದ."

ಅಷ್ಟಂದವಳೇ ಬಲಗೈ ಹೆಬ್ಬೆರಳನ್ನು ಅರಗಿಗೆ ಒತ್ತಿಬಿಟ್ಟಳು.

"ಅಯ್ಯಯ್ಯ, ಬಿಸಿ ಅದ! ಆರಲಿ ತಡೀರಿ!" ಎಂದು ಗುಮಾಸ್ತರು ಎದ್ದರು.

"ಆರಿದ್ರ ಮೂಡಂಗಿಲ್ರಿ ಸಾಹೇಬ್ರ" ಎಂದ ಅವ್ವ ಬೆರಳು ಎತ್ತಲಿಲ್ಲ. ಕೊನೆಗೆ ಎತ್ತಿದಾಗ ಕೆಂಪು ಅರಗಿನಲ್ಲಿ ಅವಳ ಬೆರಳಿನ ಗೆರೆಗಳೆಲ್ಲ ಮೂಡಿದ್ದವು. ರಸೀದಿಯನ್ನು ಗುಮಾಸ್ತರು ಅವಳ ಕೈಗೇ ಕೊಟ್ಟರು.

ಮರುದಿನ ಅವಳು ಎಂದಿನಂತೆ ಜೋಳದ ರೊಟ್ಟಿ ಬಡಿದಳು. ಗುಳ್ಳೆ ಎದ್ದ ಆ ಹೆಬ್ಬೆರಳೊಂದು ಹಿಟ್ಟಿಗೆ ತಾಗದೆ ನೆಟ್ಟಗೆ ನಿಂತಿತ್ತು. ಕಾಕಾ ಅದನ್ನೇ ನೋಡುತ್ತ ಊಟ ಮುಗಿಸಿದ.