ತೆಳ್ಳಗಾಗುವ ಹೆಬ್ಬೆರಳು

ಈ ತೂತು ಹಿಂದಿನದಕ್ಕಿಂತ ಕೂದಲೆಳೆಯಷ್ಟು ಸಣ್ಣದಾಗಿರಬೇಕಿತ್ತು. ಬೌಲಿಂಗ್ ಚೆಂಡಿನಲ್ಲಿ ಹೆಬ್ಬೆರಳು ತೂರಿಸುವ ತೂತಿಗೆ ಕೂರಿಸುವ ಪ್ಲಾಸ್ಟಿಕ್ ಕೊಳವೆಯೊಳಗೆ ಡೊಲೋರೆಸ್ ಚಾಕು ಇಳಿಸಿ ಹೆರೆದಳು. ಚಾಕು ಜಾರಿತು. ಗೆಣ್ಣು ಕೂರುವ ಜಾಗದಲ್ಲೇ ಹಳ್ಳ ಬಿತ್ತು. ಅದನ್ನು ಕಸದ ಬುಟ್ಟಿಗೆಸೆದು, ಉಸಿರು ಹಿಡಿತಕ್ಕೆ ಬರುವವರೆಗೆ ಸ್ಟೂಲಿನ ಮೇಲೆ ಕೂತಳು. ಆಮೇಲೆ ಇನ್ನೊಂದು ಕೊಳವೆಯನ್ನು ಯಂತ್ರಕ್ಕೆ ಬಿಗಿದಳು.

ಅಂಗಡಿಯ ಗೋಡೆಯಾಚೆ ಶನಿವಾರದ ಬೌಲಿಂಗ್ ಲೀಗಿನ ಆಟ ನಡೆಯುತ್ತಿತ್ತು. ಚೆಂಡು ಬಡಿದು ಮರದ ಪಿನ್ನುಗಳು ಉರುಳುವ ಸದ್ದಿನಲ್ಲೇ ಗಂಡನ ಚೆಂಡು ಯಾವುದೆಂದು ಅವಳಿಗೆ ಗೊತ್ತಾಗುತ್ತಿತ್ತು. ಈಚೆಗೆ ಆ ಸದ್ದಿಗೆ ಜೀವವಿರಲಿಲ್ಲ.

ಕ್ಲೆಮ್‌ನದು ಸಾಮಾನ್ಯ ಹೆಬ್ಬೆರಳಲ್ಲ. ಹರೆಯದಲ್ಲಿ ಎರಕದ ಕಾರ್ಖಾನೆಯಲ್ಲಿ ಜಜ್ಜಿಹೋಗಿದ್ದು. ಗೆಣ್ಣಿನ ಬಳಿ ಉಬ್ಬು, ತುದಿ ಎಡಕ್ಕೆ ಸೊಟ್ಟ. ಗುಂಡನೆಯ ತೂತು ಅದಕ್ಕೆ ಆಗಿಬರದು. ರಕ್ತ ಸೋರುವ ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಅವನು ಮೊದಲ ಸಲ, ಅವಳು ಚೆಂಡುಗಳಿಗೆ ತೂತು ಕೊರೆಯುವ ಈ ಅಂಗಡಿಗೆ ಬಂದಾಗ, ಇದೇನು ಬೆರಳೋ ಶುಂಠಿಯೋ ಎಂದು ಅವಳು ನಕ್ಕಿದ್ದಳು. ಆ ನಗುವೇ ಮದುವೆಯವರೆಗೆ ಬಂದಿತ್ತು. ಈ ಬೇಸಿಗೆಯಲ್ಲಿ ಅಂಗಡಿ ಮುಚ್ಚಿದ್ದಾಗ ಅವನು ಮಿಲ್ವಾಕೀ ನಗರದ ಇನ್ನೊಂದು ಅಂಗಡಿಯಲ್ಲಿ ಚೆಂಡು ಕೊರೆಸಿಕೊಂಡು, ಮತ್ತೆ ಬೆರಳು ಸುಲಿಸಿಕೊಂಡೇ ಮನೆಗೆ ಬಂದಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಮಾತಾಡುವಾಗ ಕ್ಲೆಮ್ ನೆಲ ನೋಡುತ್ತಿದ್ದ. ಕೇಳಬೇಕಾದ್ದನ್ನೆಲ್ಲ ಕೇಳಿದವಳು ಡೊಲೋರೆಸ್. ಮನೆಗೆ ಬಂದ ಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ. ಕ್ಲೆಮ್ ಇಳಿದುಹೋಗಿದ್ದ. ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಶುಕ್ರವಾರದ ಕರಿದ ಮೀನು ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು. ಜೊತೆಯ ಆಟಗಾರರು ಅವನ ಭುಜ ತಟ್ಟಿ, ಬಿಯರಿಗೆ ದುಡ್ಡು ತೆಗೆಯಲು ಬಿಡುತ್ತಿರಲಿಲ್ಲ.

ಅವಳು ಈಗೀಗ ದೇವರಲ್ಲಿ ವಾಸಿಯಾಗಲಿ ಎಂದು ಬೇಡುತ್ತಿರಲಿಲ್ಲ. ಕ್ರಿಸ್ಮಸ್‌ವರೆಗೆ ಕೊಡು, ಇವಿಷ್ಟು ಮುಗಿಸುತ್ತೇನೆ ಎಂದು ಚೌಕಾಶಿ ಮಾಡುತ್ತಿದ್ದಳು. ಚೆಂಡು ಅದೇ ಇರಬೇಕು. ಒಳಗಿನ ಕೊಳವೆಯನ್ನಷ್ಟೇ ತಿರುಗಿಸಿ ಬದಲಿಸಿದರೆ ಸಾಕು. ಬೆರಳು ತೆಳ್ಳಗಾದಂತೆಲ್ಲ ಒಂದೊಂದೇ ಸಣ್ಣದು. ಚೆಂಡು ಕೈಜಾರಿ ಅವನು ನಾಲ್ಕು ಜನರೆದುರು ನಾಚುವಂತಾಗಬಾರದು. ಆಟವೊಂದು ಬಿಟ್ಟುಹೋದರೆ ಆ ಮನುಷ್ಯ ಕುರ್ಚಿಯಿಂದ ಏಳುವುದೇ ಇಲ್ಲ ಎಂದು ಅವಳಿಗೆ ಗೊತ್ತಿತ್ತು.

ಲೀಗಿನ ಮಾರ್ವ್ ಬಾಗಿಲಲ್ಲಿ ತಲೆ ಹಾಕಿದ. ಅವನೂ ಕ್ಲೆಮ್ಮೂ ಕಾರ್ಖಾನೆಯ ಕಾಲದಿಂದ ಜೊತೆ.

“ಇವತ್ತು ನಿನ್ನ ಗಂಡ ಆಡಿದ್ದು ನೋಡಿದ್ರೆ ನಮ್ಮಜ್ಜಿಯೇ ವಾಸಿ ಕಣೇ ಡೊಲ್ಲಿ,” ಎಂದ. ನಗಲು ನೋಡಿದ, ಆಗಲಿಲ್ಲ. “ಅವನನ್ನ ನಾವು ಬಿಡಲ್ಲ. ಮನೆಗೇ ಹೋಗಿ ಎಳ್ಕೊಂಡು ಬರ್ತೀವಿ. ನೀನು ಅದರ ಚಿಂತೆ ಬಿಡು.”

ಅವಳು ತಲೆಯಾಡಿಸಿ ಚಾಕು ಮಸೆಯತೊಡಗಿದಳು. ಮಾರ್ವ್ ಬಾಗಿಲು ಮುಂದೆ ಮಾಡಿಕೊಂಡು ಹೊರಟುಹೋದ.

ಆಟ ಮುಗಿಸಿ ಕ್ಲೆಮ್ ಒಳಬಂದಾಗ ಕೊಳವೆಗಳನ್ನು ಮರೆಮಾಡಲು ಅವಳಿಗೆ ಸಮಯ ಸಿಗಲಿಲ್ಲ. ಬೆಂಚಿನ ಮೇಲೆ ಅವು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನಿಂತಿದ್ದವು. ಅವನು ಮೊದಲನೆಯದರಲ್ಲಿ ಬೆರಳಿಟ್ಟ. ಉಬ್ಬು, ಸೊಟ್ಟ ಎಲ್ಲ ಸರಿಯಾಗಿ ಕೂತಿತು. ಮುಂದಿನದು ಬಿಗಿ. ಅದರಾಚೆಯದರಲ್ಲಿ ಗೆಣ್ಣು ಇಳಿಯಲಿಲ್ಲ. ಕೊನೆಯದರಲ್ಲಿ ಬೆರಳ ತುದಿ ಮಾತ್ರ ಹೋಯಿತು.

“ಇದೆಲ್ಲ ಯಾರಿಗೆ?”

“ನಿನಗೇ.”

“ನನ್ನ ಬೆರಳು ಇಷ್ಟು ಸಣ್ಣಗಾಗುತ್ತೆ ಅಂತೀಯಾ?”

“ಆಗುತ್ತೆ.”

ಅವನು ಕೊಳವೆಯನ್ನು ಕೆಳಗಿಡಲಿಲ್ಲ. ಅಷ್ಟು ದಿನ ಇಬ್ಬರೂ ತಪ್ಪಿಸಿಕೊಂಡು ಬಂದಿದ್ದ ಮಾತು ಈಗ ಬೆಂಚಿನ ಮೇಲೆಯೇ ಇತ್ತು. ಡೊಲೋರೆಸ್ ಅವನ ಕೈ ಹಿಡಿದು, ಬೆರಳಿಗಂಟಿದ್ದ ಪ್ಲಾಸ್ಟಿಕ್ ಪುಡಿಯನ್ನು ಒರೆಸಿದಳು.

“ಎಂಬತ್ತಾರು ವರ್ಷದ ನಿಮ್ಮಪ್ಪನಿಗೆ ಚೆಂಡು ಕೊರೆದುಕೊಟ್ಟವಳು ನಾನು. ವಯಸ್ಸಾದ್ರೆ ಬೆರಳು ಒಣಗುತ್ತೆ. ನೀನೂ ಆ ವಯಸ್ಸಿನವರೆಗೆ ಆಡ್ಬೇಕು, ಕ್ಲೆಮ್. ಡಾಕ್ಟರು ನನಗೆ ಹೇಳಿರೋದು ಕೆಲವೇ ತಿಂಗಳು; ಆಗ ಅಳತೆ ತಗೊಳ್ಳೋಕೆ ನಾನಿರಲ್ವಲ್ಲ.”